ಹತ್ತೂವರೆಯಿಂದ ಹನ್ನೆರಡು

ಹೃಷಿಕೇಶ ಭಟ್ರನ್ನು ಕಂಡರೆ ನನಗೆ ಆಗುವುದಿಲ್ಲ ಎಂಬುದು ನಮ್ಮ ಶೋರೂಮಿನ ಗೇಟಿನಲ್ಲಿ ಕೂರುವ ಚಂದಯ್ಯನಿಗೂ ಗೊತ್ತಿತ್ತು. ಅವರ ಹಳೇ ಸ್ಕೂಟರ್ ಹೈವೇ ಬಿಟ್ಟು ಸರ್ವಿಸ್ ರೋಡಿಗೆ ಇಳಿದದ್ದೇ ತಡ, ಚಂದಯ್ಯ ಗಾಜಿನ ಬಾಗಿಲು ಸರಿಸಿ, "ಹ್ವಾಯ್, ನಿಮ್ಮ ಭಟ್ರ್ ಬಂದ್ರ್ ಕಾಣಿ" ಎನ್ನುತ್ತಿದ್ದ. ನನ್ನ ಭಟ್ರಂತೆ. ನನ್ನ ತಲೆನೋವು ಎಂದಿದ್ದರೆ ಒಪ್ಪುತ್ತಿದ್ದೆ.

ನಾನು ಸಿಂಚನಾ. ದಿನಾ ಬೆಳಿಗ್ಗೆ ಬ್ರಹ್ಮಾವರದಿಂದ ಬಸ್ಸಿನಲ್ಲಿ ನಿಂತುಕೊಂಡು ಕುಂದಾಪುರಕ್ಕೆ ಬಂದು, ಇನ್ನೊಬ್ಬರಿಗೆ ಕಾರು ಮಾರುವವಳು. ಭಟ್ರು ಸಾಲಿಗ್ರಾಮದವರು. ನಾನು ಮಾರಿದ ಕಾರಿಗೆ ಪೂಜೆ ಮಾಡಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ನಾಲ್ಕು ಚಕ್ರದ ಅಡಿಗೆ ನಾಲ್ಕು ನಿಂಬೆಹಣ್ಣು ಇಟ್ಟು ಕಳಿಸುವವರು. ಎರಡು ವರ್ಷದಿಂದ ಹೀಗೇ ನಡೆದಿದೆ.

ತೊಂದರೆ ಎಲ್ಲಿ ಅಂದರೆ, ನನಗೆ ತಿಂಗಳ ಟಾರ್ಗೆಟ್ ಇರುತ್ತದೆ, ಭಟ್ರಿಗೆ ಪಂಚಾಂಗ ಇರುತ್ತದೆ. ತಿಂಗಳ ಕೊನೆಯ ದಿನ ಮ್ಯಾನೇಜರ್ ಪ್ರವೀಣ್ ಸರ್ ನನ್ನ ತಲೆಯ ಮೇಲೆ ನಿಂತು, ಡೆಲಿವರಿ ಆಯ್ತಾ, ಆಯ್ತಾ ಎಂದು ಕೇಳುತ್ತಿರುವಾಗ ಇವರು ಗಿರಾಕಿಯ ಹತ್ತಿರ ತಣ್ಣಗೆ, "ಮೂರರಿಂದ ನಾಕೂವರೆ ರಾಹುಕಾಲ ಇತ್ತ್. ಕೂಕಣಿ, ಗಡಿಬಿಡಿ ಎಂತ?" ಎನ್ನುತ್ತಾರೆ. ಗಿರಾಕಿ ಕೂತೇ ಬಿಡುತ್ತಾನೆ. ನಾನು ಒಳಗೆ ಹೋಗಿ ಹಲ್ಲು ಕಡಿಯುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಈ ಕಾರಣಕ್ಕೆ ನನ್ನ ಒಂದು ಡೆಲಿವರಿ ಮರುದಿನಕ್ಕೆ ಹೋಯಿತು, ಅಂದರೆ ಮರುತಿಂಗಳಿಗೆ ಹೋಯಿತು. ಆ ಸಿಟ್ಟಿನಲ್ಲಿ ಪ್ಯಾಂಟ್ರಿಯಲ್ಲಿ ಚಾ ಕುಡಿಯುತ್ತ ಜೊತೆಯವರ ಹತ್ತಿರ ಕೂಗಾಡಿದ್ದೆ. "ಇವ್ರನ್ನ ಕಟ್ಕಂಡವ್ಳಿಗೆ ಚಾ ಕುಡೂಕೂ ಮುಹೂರ್ತ ಬೇಕ್. ಭಟ್ರನ್ನ ಮಾತ್ರ ನಾನ್ ಮದಿ ಆತಿಲ್ಲೆ, ಬರೆದಿಟ್ಕಣಿ."

ಆ ಮದುವೆಯ ಮಾತನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ ಎಂದೇ ಅಂದುಕೊಂಡಿದ್ದೆ.

ಇಷ್ಟಾದರೂ ಪ್ರತಿ ಪೂಜೆ ಮುಗಿದ ಮೇಲೆ ಭಟ್ರು ಒಡೆದ ತೆಂಗಿನಕಾಯಿಯ ಒಂದು ಹೋಳು, ಮೇಲೊಂದು ಹೂವು, ನನ್ನ ಮೇಜಿನ ಮೇಲೆ ಇಟ್ಟೇ ಹೋಗುತ್ತಿದ್ದರು. ಮಾತಿಲ್ಲ ಕತೆಯಿಲ್ಲ. ಇಡುವುದು ಕೀಬೋರ್ಡಿನ ಮೇಲೇ. ನನ್ನ ಕೀಬೋರ್ಡಿನ ಸಂದಿಯಲ್ಲಿ ಎರಡು ವರ್ಷದ ಕುಂಕುಮ ಇದೆ. ಆ ಕಾಯಿಯಲ್ಲೇ ನಮ್ಮ ಮನೆಯ ದೋಸೆ ಚಟ್ನಿ ಆಗುವುದು. ಒಂದು ವಾರ ಡೆಲಿವರಿ ಇಲ್ಲದಿದ್ದರೆ ಅಮ್ಮ, "ಭಟ್ರಿಗೆ ಹುಷಾರಿಲ್ಯಾ?" ಎಂದು ಕೇಳುತ್ತಾರೆ. ನನ್ನ ಆರೋಗ್ಯವನ್ನು ಅವರು ಅಷ್ಟು ವಿಚಾರಿಸಿದ್ದಿಲ್ಲ.

ಅಕ್ಟೋಬರ್ ಕೊನೆಯ ಸೋಮವಾರ ಭಟ್ರು ಬಂದಾಗ ಕೈಯಲ್ಲಿ ಪೂಜೆಯ ಬುಟ್ಟಿ ಇರಲಿಲ್ಲ. ಅದೇ ಬಿಳಿ ಪಂಚೆ, ಹೆಗಲಿಗೆ ಶಾಲು, ಬಲಗೈಯಲ್ಲಿ ಸ್ಮಾರ್ಟ್ ವಾಚು. ನಗುವಾಗ ಅವರು ಎದುರಿನವರನ್ನು ನೋಡುವುದಿಲ್ಲ, ನೆಲ ನೋಡುತ್ತಾರೆ. ನೆಲಕ್ಕೆ ನಕ್ಕು ಹೇಳಿದರು.

"ಮೇಡಂ, ಇವತ್ತ್ ಪೂಜೆ ಅಲ್ಲ. ಕಾರ್ ಕಾಂಬುಕೆ ಬಂದದ್."

"ಯಾರಿಗೆ?"

"ನಂಗೇ."

ಟಾರ್ಗೆಟ್ಟಿಗೆ ಒಂದೇ ಒಂದು ಕಾರು ಕಡಿಮೆ ಇತ್ತು, ಈ ತಿಂಗಳು ಬುಕಿಂಗ್ ಆದರೂ ಲೆಕ್ಕಕ್ಕೆ ಬರುತ್ತಿತ್ತು. ದೇವರು ಇದ್ದಾನೆ ಎನಿಸಿತು. ಕಂಪನಿ ಹೊಸದಾಗಿ ಬಿಟ್ಟ ಸಣ್ಣ ಕಾರಿನ ಬ್ರೋಷರ್ ತೆಗೆದು ಅವರ ಮುಂದೆ ಬಿಡಿಸಿದೆ. ಅವರು ಪುಟ ತಿರುಗಿಸಲಿಲ್ಲ. "ಸನ್‌ರೂಫ್ ಇಪ್ಪುದ್ ಯಾವ್ದ್?" ಎಂದು ಮಾತ್ರ ಕೇಳಿದರು.

ಮಳೆಗಾಲದಲ್ಲಿ ರೇನ್‌ಕೋಟಿನ ಒಳಗೆ ದರ್ಭೆಯ ಕಟ್ಟು ಸಿಕ್ಕಿಸಿಕೊಂಡು ಓಡಾಡುವ ಮನುಷ್ಯನಿಗೆ ತಲೆಯ ಮೇಲೆ ತೆರೆದುಕೊಳ್ಳುವ ಸನ್‌ರೂಫ್ ಯಾಕೆ ಬೇಕು? ಆದರೆ ಗಿರಾಕಿಯನ್ನು ಹಾಗೆಲ್ಲ ಕೇಳಬಾರದು. "ಟಾಪ್ ಮಾಡೆಲ್ಲಲ್ಲಿ ಮಾತ್ರ ಬಪ್ದ್" ಎಂದು ಡೆಮೋ ಕಾರಿನ ಕೀ ತಂದೆ.

ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಭಟ್ರು ಸ್ಟಾರ್ಟ್ ಮಾಡಿ, ಕಣ್ಣು ಮುಚ್ಚಿ, ತೆರೆದು, ಫಸ್ಟ್ ಗೇರಿಗೆ ಹಾಕಿದರು.

"ರಿವರ್ಸ್, ಭಟ್ರೆ."

"ಗಾಡಿ ಮೊದ್ಲ್ ಮುಂದೆ ಹೋಯ್ಕ್ ಮೇಡಂ. ಸುರುವಿಗೇ ಹಿಂದೆ ಹೋಪುಕಾಗ."

"ಮುಂದೆ ಗೋಡೆ ಇತ್ತ್."

"ಒಂದ್ ನಾಕ್ ಇಂಚ್ ಸಾಕ್."

ನಾಲ್ಕು ಇಂಚಿನೊಳಗೆ ಗೋಡೆ ಇರಲಿಲ್ಲ, ಪ್ರವೀಣ್ ಸರ್ ಮನೆಯಿಂದ ತಂದಿಟ್ಟ ದಾಸವಾಳದ ಕುಂಡ ಇತ್ತು. ಈಗ ಅದೂ ಇಲ್ಲ. ಚಂದಯ್ಯ ಓಡಿ ಬಂದು ಚೆಲ್ಲಿದ ಮಣ್ಣು ಗುಡಿಸಿದ. ಭಟ್ರು ಇಳಿದು, ಮುರಿದ ಗಿಡದಿಂದ ಒಂದು ಹೂ ಕಿತ್ತು, ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರು. "ಸುರುವಿಗೇ ಹೂ ಸಿಕ್ತ್. ಒಳ್ಳೇದೇ" ಎಂದರು. ಹೇಳಿ, ಈ ಮನುಷ್ಯನ ಜೊತೆ ಹೇಗೆ ಏಗುವುದು?

ರಸ್ತೆಗೆ ಬಂದ ಮೇಲೆ ಇನ್ನೊಂದು ಶುರುವಾಯಿತು. ಸ್ಟೀರಿಂಗ್ ಮೇಲೆ ಬೆರಳಾಡಿಸಿ, ಬಿಸಿ ಕಾವಲಿ ಮುಟ್ಟಿದವರ ಹಾಗೆ ಕೈ ತೆಗೆದರು.

"ಇದ್ ಎಂತ, ಚರ್ಮವಾ?"

"ಟಾಪ್ ಮಾಡೆಲ್ ಅಲ್ದಾ. ಸ್ಟೀರಿಂಗಿಗೆ ಲೆದರ್ ಹೊಲ್ದಿರ್ತ್ರ್."

ಮಡಿ ಉಟ್ಟು ಪೂಜೆಗೆ ಹೊರಟವರು ಚರ್ಮ ಮುಟ್ಟುವ ಹಾಗಿಲ್ಲ. ಅದು ನನಗೂ ಗೊತ್ತು, ನಾನೂ ಅದೇ ಜಾತಿಯ ಮನೆಯಲ್ಲಿ ಹುಟ್ಟಿದವಳು. ಆದರೆ ಇದುವರೆಗೆ ಯಾರೂ ಟೆಸ್ಟ್ ಡ್ರೈವಿನ ಮಧ್ಯೆ ಹೆಗಲಿನ ಶಾಲು ತೆಗೆದು ಸ್ಟೀರಿಂಗಿಗೆ ಸುತ್ತಿದ್ದನ್ನು ಕಂಡಿರಲಿಲ್ಲ. ಶಾಲು ಜಾರುತ್ತದೆ, ಭಟ್ರು ಎಳೆಯುತ್ತಾರೆ, ಕಾರು ಬಲಕ್ಕೆ ವಾಲುತ್ತದೆ, ಹಿಂದಿನ ಬಸ್ಸಿನವನು ಹಾರ್ನ್ ಬಾರಿಸುತ್ತಾನೆ. ಕೋಡಿಯ ಕಡಲ ತೀರ ತಲುಪುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಮುಗಿದಿತ್ತು.

ಕಡಲ ಬದಿಗೆ ನಿಲ್ಲಿಸಿದಾಗ ಸುಮ್ಮನಿರಲಾರದೆ ಕೇಳಿದೆ. "ಭಟ್ರೆ, ಮುಟ್ಟೂಕೆ ಆಗದ್ದ್ ಕಾರ್ ನಿಮ್ಗ್ ಎಂತಕೆ? ಇದ್ರ ಕೆಳಗಿನ ಮಾಡೆಲ್ ತಕಣಿ. ಬಟ್ಟೆ ಸೀಟ್, ಪ್ಲಾಸ್ಟಿಕ್ ಸ್ಟೀರಿಂಗ್. ನಿಮ್ಗ್ ಹೇಳಿ ಮಾಡ್ಸಿದ್ದ್."

"ಅದ್ರಗೆ ಸನ್‌ರೂಫ್ ಇಲ್ಯಲೆ."

"ಸನ್‌ರೂಫ್ ಎಂತಕೆ?"

ಅವರು ಅಲೆಗಳನ್ನು ನೋಡುತ್ತ ಸ್ಟೀರಿಂಗಿನ ಶಾಲು ಬಿಚ್ಚಿ ಮಡಿಸಿದರು. ಆಮೇಲೆ ಹೇಳಿದರು. ಭಟ್ರ ಕೆಲಸ ಮಾಡುವ ಹುಡುಗರಿಗೆ ಈಗ ಯಾರೂ ಹೆಣ್ಣು ಕೊಡುವುದಿಲ್ಲ, ಅವರಿಗೆ ಮೂವತ್ತೆರಡಾಯಿತು. ಹತ್ತೊಂಬತ್ತು ಕಡೆ ಬೇಡ ಎಂದಿದ್ದಾರೆ. ಇಪ್ಪತ್ತನೆಯದು ಬೈಂದೂರಿನದು. ಅವರು ಬೇಡ ಎಂದಿಲ್ಲ. ಹುಡುಗನ ಹತ್ತಿರ ಕಾರು ಇರಬೇಕು, ಅದಕ್ಕೆ ಸನ್‌ರೂಫ್ ಇರಬೇಕು ಎಂದಿದ್ದಾರೆ.

"ಅಪ್ಪಯ್ಯಂಗೆ ಒಂದೇ ಚಿಂತೆ. ಅಮ್ಮ ಹೋಯ್ ಆರ್ ವರ್ಷ ಆಯ್ತ್, ಮನಿಯಗೆ ಇಬ್ರೇ" ಎಂದರು. "ಹೆಣ್ ಚಂದ ಇತ್ತ್. ಶಾಲೆಲಿ ಟೀಚರ್. ತನ್ವಿ ಅಂದೇಳಿ ಹೆಸ್ರ್."

ನನಗೆ ಸಂತೋಷವಾಗಬೇಕಿತ್ತು. ಟಾಪ್ ಮಾಡೆಲ್ ಗಿರಾಕಿ, ಕಾರಣ ಗಟ್ಟಿ ಇದೆ, ಬುಕಿಂಗ್ ಖಂಡಿತ. ಅದರ ಬದಲು ಎದೆಯಲ್ಲಿ ಏನೋ ಸಿಕ್ಕಿಹಾಕಿಕೊಂಡ ಹಾಗೆ ಆಯಿತು. ಬೆಳಿಗ್ಗೆ ತಿಂದ ಅವಲಕ್ಕಿ ಇರಬೇಕು ಎಂದುಕೊಂಡೆ.

"ಹೆಣ್ಮಕ್ಕಳಿಗೆ ಯಾವ್ ಬಣ್ಣ ಖುಷಿ ಆತ್ತ್ ಮೇಡಂ?"

"ಕೇಳ್ಕಾದವ್ರನ್ನ ಕೇಳಿ."

"ನೀವೂ ಹೆಣ್ಣೇ ಅಲ್ದಾ?"

ಎರಡು ವರ್ಷದಲ್ಲಿ ಮೊದಲ ಸಲ ಅದು ಅವರ ಗಮನಕ್ಕೆ ಬಂದಿತ್ತು, ಬಂದದ್ದು ಈ ಲೆಕ್ಕದಲ್ಲಿ. "ಬೂದು" ಎಂದು ಸಿಡುಕಿದೆ. ಅವರು ಮೊಬೈಲಿನಲ್ಲಿ ಬರೆದುಕೊಂಡರು. ಹೊರಡುವಾಗ ಸೀಟ್ ಬೆಲ್ಟಿನ ಕೊಂಡಿ ಪಂಚೆಯ ಅಡಿ ಸೇರಿ ಸಿಗಲಿಲ್ಲ, ಅವರು ತಡಕಾಡುವುದನ್ನು ನೋಡಲಾಗದೆ ನಾನೇ ಬೆಲ್ಟ್ ಎಳೆದು ಸಿಕ್ಕಿಸಿದೆ. ಶಾಲಿನಲ್ಲಿ ಕರ್ಪೂರದ, ತುಪ್ಪದ ವಾಸನೆ ಇತ್ತು. ಭಟ್ರು ಉಸಿರು ಬಿಡದೆ ನೆಟ್ಟಗೆ ಕೂತಿದ್ದರು. ಕಿವಿ ಮಾತ್ರ ಕೆಂಪಾಗಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಹುಡುಗಿಯ ಅಪ್ಪ ಕಾರನ್ನು ಕಣ್ಣಾರೆ ಕಾಣಬೇಕಂತೆ. ಡೆಮೋ ಕಾರಿನ ಜೊತೆ ಶೋರೂಮಿನವರೊಬ್ಬರು ಹೋಗಲೇಬೇಕು ಎಂಬುದು ನಿಯಮ. "ನೀನೇ ಹೋಗ್, ಬುಕಿಂಗ್ ಬಿಡ್ಬೇಡ" ಎಂದರು ಪ್ರವೀಣ್ ಸರ್. ಹೀಗಾಗಿ ಬುಧವಾರ ನಾನು ಭಟ್ರ ಹೆಣ್ಣಿನ ಮನೆಗೆ ಭಟ್ರ ಪಕ್ಕದ ಸೀಟಿನಲ್ಲಿ ಕೂತು ಹೊರಟೆ.

ಈ ಸಲ ಅವರು ಶಾಲನ್ನು ಸ್ಟೀರಿಂಗಿಗೆ ದಾರದಿಂದ ಬಿಗಿದಿದ್ದರು, ಹೆಮ್ಮಾಡಿ ದಾಟುವವರೆಗೆ ಚೆನ್ನಾಗಿಯೇ ಇತ್ತು. ಗದ್ದೆಯಲ್ಲಿ ಕೊಯ್ಲಿನ ಯಂತ್ರ ಓಡುತ್ತಿತ್ತು, ಭತ್ತದ ವಾಸನೆ ಒಳಗೆ ಬರಲಿ ಎಂದು ಅವರು ಕಿಟಕಿ ಇಳಿಸಿದರು. ನಾನು ಏಸಿ ಆರಿಸಿದೆ. ಇಬ್ಬರೂ ಮಾತಾಡಲಿಲ್ಲ, ಜಗಳವೂ ಆಡಲಿಲ್ಲ. ನಮ್ಮ ಮಟ್ಟಿಗೆ ಅದು ದೊಡ್ಡ ಸಂಗತಿ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ರಸ್ತೆ, ಬಿಸಿಲು ಎರಡೂ ಕಡೆಯ ನೀರಿನಿಂದ ಕಾರಿನೊಳಕ್ಕೆ ಬಂದು ಅವರ ಮುಖದ ಮೇಲೆ ಓಡಾಡುತ್ತಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿದ್ದೆ ಎಂದು ನನಗೆ ಗೊತ್ತಾಗಲಿಲ್ಲ. ಅವರು ಬದಿಗೆ ತಂದು ನಿಲ್ಲಿಸಿದರು.

"ಮೇಡಂ, ಒಂದ್ ಮಾತ್. ಬೇಜಾರ್ ಮಾಡ್ಕಂಬುಕಾಗ."

"ಎಂತ?"

"ಇಲ್ಲಿಂದ ನೀವ್ ಹಿಂದೆ ಕೂಕಂತ್ರಿಯಾ? ಹೆಣ್ಣಿನ ಮನಿ ಎದ್ರಿಗೆ ಮುಂದಿನ ಸೀಟಿಂದ ನೀವ್ ಇಳಿದ್ರೆ ಅವ್ರ್ ಎಂತ ತಿಳ್ಕಂತ್ರೋ."

ನಾನು ಇಳಿದು, ಬಾಗಿಲು ಧಡ್ ಎಂದು ಹಾಕಿ, ಹಿಂದೆ ಹೋಗಿ ಕೂತೆ. ಆ ಬಾಗಿಲು ಮೆಲ್ಲ ಹಾಕಿದರೂ ಮುಚ್ಚುತ್ತದೆ ಎಂದು ಗಿರಾಕಿಗಳಿಗೆ ದಿನಾ ತೋರಿಸುವವಳು ನಾನೇ. ಅಲ್ಲಿಂದ ಬೈಂದೂರಿನವರೆಗೆ ಒಳಗನ್ನಡಿಯಲ್ಲಿ ಅವರ ಕಣ್ಣು ನನ್ನನ್ನು ನೋಡುವುದು, ನಾನು ನೋಡಿದ ಕೂಡಲೇ ರಸ್ತೆಗೆ ತಿರುಗುವುದು, ಇದೇ ನಡೆಯಿತು. "ಮುಂದೆ ಕಂಡ್ಕಂಡ್ ಬಿಡಿ ಭಟ್ರೆ" ಎಂದೆ. "ಹಿಂದೆ ಗಾಡಿ ಬತ್ತಾ ಕಂಡದ್" ಎಂದರು. ರಸ್ತೆ ಖಾಲಿ ಇತ್ತು.

ತನ್ವಿಯ ಅಪ್ಪ ಬಾಲಚಂದ್ರ ಅಡಿಗರು ದಾವಣಗೆರೆಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಅಂಗಳಕ್ಕೆ ಬಂದು ಕಾರಿನ ಸುತ್ತ ಮೂರು ಸುತ್ತು ಹಾಕಿದರು. ಬಾನೆಟ್ ಎತ್ತಿಸಿದರು, ಚಕ್ರಕ್ಕೆ ಕಾಲಿನಿಂದ ಒತ್ತಿ ನೋಡಿದರು, ಒಳಗೆ ಕೂತು ಸನ್‌ರೂಫ್ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ನಾನು ಎಣಿಸಿದೆ, ಒಂಬತ್ತು ಸಲ. ಪಾಪ ಭಟ್ರು ತುಳಸಿಕಟ್ಟೆಯ ಹತ್ತಿರ ಕೈ ಕಟ್ಟಿ ನಿಂತೇ ಇದ್ದರು. ಊಟ ಆಯ್ತಾ ಎಂದೂ ಅವರನ್ನು ಕೇಳಲಿಲ್ಲ.

ತನ್ವಿ ನನಗೆ ಮಜ್ಜಿಗೆ ತಂದುಕೊಟ್ಟಳು. ನಿಜಕ್ಕೂ ಚಂದದ ಹುಡುಗಿ, ಕಣ್ಣಿನಲ್ಲಿ ಬುದ್ಧಿ ಇತ್ತು. ಕೊಂಕು ಹುಡುಕಲು ನೋಡಿದೆ, ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

"ನೀವ್ ಅವ್ರನ್ನ ಸುಮಾರ್ ಸಮಯದಿಂದ ಕಂಡಿದ್ರಿ ಅಲ್ದಾ?" ಎಂದು ಮೆಲ್ಲಗೆ ಕೇಳಿದಳು. "ಜನ ಹ್ಯಾಂಗೆ?"

ಎರಡು ವರ್ಷದ ಸಿಟ್ಟು ಕಕ್ಕಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗುತ್ತದೆ? ಬಾಯಿ ತೆರೆದೆ. ಬಂದದ್ದೇ ಬೇರೆ.

"ಒಳ್ಳೇ ಜನ. ಸುಳ್ಳ್ ಹೇಳೂಕೆ ಬತ್ತಿಲ್ಲೆ. ಬಡವ್ರ್ ಸೆಕೆಂಡ್ ಹ್ಯಾಂಡ್ ಆಟೋ ತಂದ್ರೂ ದೊಡ್ಡ ಕಾರಿಗೆ ಮಾಡ್ದಷ್ಟೇ ಹೊತ್ತ್ ಪೂಜೆ ಮಾಡ್ತ್ರ್. ಗಡಿಬಿಡಿ ಮಾಡ್ತಿಲ್ಲೆ. ಮಂತ್ರ ಹೇಳುವತ್ತಿಗೆ ಸ್ವರ ಕೇಂಡ್ರೆ ನಮ್ ಶೋರೂಮಿನ ಫೋನ್ ಬಡ್ಕಂಬ್ದೂ ಗೊತ್ತಾತಿಲ್ಲೆ. ನಗಾಡುವತ್ತಿಗೆ ನೆಲ ಕಾಂತ್ರ್. ಚಾಕ್ಕೆ ಸಕ್ರೆ ಕಮ್ಮಿ. ತಂಪಿನ ಗಾಳಿ ಆತಿಲ್ಲೆ, ಸೀನ್ ಬತ್ತ್. ಏಸಿ ಬಂದ್ ಮಾಡಿ ಕಿಟಕಿ ತೆಗೀಕ್."

ಹೇಳುತ್ತ ಹೇಳುತ್ತ ನನಗೇ ಕೇಳಿಸಿತು. ನಿಲ್ಲಿಸಿದೆ. ತನ್ವಿ ಲೋಟ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ನೀವ್ ಕಾರ್ ಬಗ್ಗೆ ಇಷ್ಟ್ ಹೇಳ್ಲಿಲ್ಲೆ" ಎಂದಳು.

ಮಜ್ಜಿಗೆ ನೆತ್ತಿಗೇರಿತು. ಹೌದು, ನನಗೆ ಈ ಮನುಷ್ಯ ಬೇಕಿತ್ತು. ಗೊತ್ತಾಗಲು ಎಂಥ ಜಾಗ ನೋಡಿ, ಅವರ ಹೆಣ್ಣಿನ ಮನೆಯ ಅಂಗಳ. ನನ್ನ ಕೈಯಲ್ಲಿ ಬುಕಿಂಗ್ ಫಾರ್ಮು.

ಒಳಗಿನಿಂದ ಅಡಿಗರು ಬಂದು ತೀರ್ಪು ಕೊಟ್ಟರು. ಗಾಡಿ ಅಡ್ಡಿಲ್ಲ. ಶುಕ್ರವಾರ ಬುಕ್ ಮಾಡಿ ರಸೀದಿ ವಾಟ್ಸಾಪ್ ಮಾಡಲಿ. ತುಳಸಿ ಪೂಜೆ ಕಳೆದ ಕೂಡಲೇ ನಿಶ್ಚಿತಾರ್ಥ ಮಾಡುವ. ಭಟ್ರು ನೆಲ ನೋಡಿದರು, ಆದರೆ ನಗಲಿಲ್ಲ.

ಬರುವಾಗ ಮರವಂತೆಯಲ್ಲಿ ಅವರು ಮತ್ತೆ ನಿಲ್ಲಿಸಿ, "ಈಗ ಮುಂದೆ ಬನಿ" ಎಂದರು. "ಇಲ್ಲೇ ಅಡ್ಡಿಲ್ಲೆ" ಎಂದು ಹಿಂದೆಯೇ ಕೂತೆ. ಕನ್ನಡಿಯಲ್ಲಿ ಅವರ ಕಣ್ಣು ಬಂತು. ನಾನು ಹೊಳೆಯ ಕಡೆ ತಿರುಗಿದೆ.

ಶುಕ್ರವಾರ, ತಿಂಗಳ ಮೂವತ್ತೊಂದು. ಭಟ್ರು ಹತ್ತು ಗಂಟೆ ಐದು ನಿಮಿಷಕ್ಕೆ ಬಂದರು. "ಹತ್ತೂವರೆಗೆ ರಾಹುಕಾಲ ಸುರು. ಅಷ್ಟ್ರೊಳ್ಗೆ ಸಹಿ ಆಯ್ಕ್ ಮೇಡಂ" ಎಂದರು. ಅವರ ಮುಖ ನೋಡಿದರೆ ಹಲ್ಲು ಕೀಳಿಸಲು ಬಂದವರ ಹಾಗಿತ್ತು.

ಎರಡು ವರ್ಷ ರಾಹುಕಾಲವನ್ನು ಬೈದುಕೊಂಡವಳು ನಾನು. ಅವತ್ತು ಗೋಡೆಯ ಗಡಿಯಾರ ನೋಡಿ ಮನಸ್ಸಿನಲ್ಲೇ ಅದನ್ನು ಕರೆದೆ. ಸ್ವಲ್ಪ ಬೇಗ ಬಾ ಮಾರಾಯ.

ಮೊದಲು ಆಧಾರ್ ಕಾರ್ಡಿನ ಜೆರಾಕ್ಸ್ ಸರಿ ಬಂದಿಲ್ಲ ಎಂದೆ. ಮತ್ತೆ ತೆಗೆಸಿದೆ. ಬಣ್ಣದ ಕೋಡ್ ಹುಡುಕಿದೆ. ಅವರು ಬೂದು ಎಂದೇ ಹೇಳಿದರು, ಅದು ಕೇಳಿ ನಿಜವಾಗಿಯೇ ತಪ್ಪು ಟೈಪ್ ಮಾಡಿದೆ. ಪ್ರಿಂಟರಿನಲ್ಲಿ ಕಾಗದ ಮುಗಿದಿದೆ ಎಂದು ಸ್ಟೋರಿಗೆ ಹೋಗಿ, ಕತ್ತಲಲ್ಲಿ ರಟ್ಟಿನ ಡಬ್ಬಗಳ ಮಧ್ಯೆ ನಿಂತು ಇನ್ನೂರರವರೆಗೆ ಎಣಿಸಿ ಬಂದೆ. ಬರುವಾಗ ಪೆನ್ನು ಬರೆಯುತ್ತಿಲ್ಲ ಎಂದೆ.

"ಎಂತ ಸಿಂಚನಾ ಇದ್? ಬೇಗ ಸಹಿ ಹಾಕ್ಸ್" ಎಂದು ಪ್ರವೀಣ್ ಸರ್ ತಮ್ಮ ಪೆನ್ನು ಕೊಟ್ಟರು.

ಭಟ್ರು ಪೆನ್ನಿನ ಮುಚ್ಚಳ ತೆಗೆದರು. ಕೈಗಡಿಯಾರ ನೋಡಿದರು. ಮುಚ್ಚಳ ಹಾಕಿದರು.

"ಹತ್ತ್ ಮೂವತ್ತೊಂದ್. ಇನ್ನ್ ಹನ್ನೆರಡ್ರ ಮೇಲೆ."

ಪ್ರವೀಣ್ ಸರ್ ತಲೆಗೆ ಕೈ ಹೊತ್ತು ಕ್ಯಾಬಿನ್ನಿಗೆ ಹೋದರು. ನಾನು ಬೇಸರದ ಮುಖ ಮಾಡಲು ಪ್ರಯತ್ನಿಸಿದೆ. ಭಟ್ರು ಮೇಜಿನ ಮೇಲಿನ ಪ್ರಿಂಟರಿನ ತಟ್ಟೆ ಎಳೆದರು. ಅದರ ತುಂಬ ಕಾಗದ ಇತ್ತು.

"ಮೇಡಂ," ಎಂದರು, "ಎರಡ್ ವರ್ಷದಗೆ ನೀವ್ ರಾಹುಕಾಲ ಕಾದದ್ ಇವತ್ತೇ ಕಂಡದ್."

ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. "ಕೆಳಗಿನ ಮಾಡೆಲ್ ಒಂದ್ ಸರ್ತಿ ಓಡ್ಸಿ ಕಾಣಿ. ಹ್ಯಾಂಗೂ ಟೈಮ್ ಇತ್ತಲ್ಲ" ಎಂದು ಕೀ ಕಿತ್ತುಕೊಂಡು ಹೊರಟೆ. ಅವರು ಹಿಂದೆ ಬಂದರು.

ಆ ಕಾರು ರಸ್ತೆಗೆ ಮುಖ ಮಾಡಿ ನಿಂತಿತ್ತು. ಬಟ್ಟೆಯ ಸೀಟು, ಬರೀ ಪ್ಲಾಸ್ಟಿಕ್ ಸ್ಟೀರಿಂಗು, ತಲೆಯ ಮೇಲೆ ಬರೀ ತಗಡು. ಭಟ್ರು ಶಾಲು ಮಡಿಸಿ ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದರು. ಕಾರು ನೆಟ್ಟಗೆ ಹೋಯಿತು. ಕೋಡಿಯವರೆಗೆ ಒಂದು ಕಡೆಯೂ ವಾಲಲಿಲ್ಲ. ಅವರು ಇಷ್ಟು ಚೆನ್ನಾಗಿ ಓಡಿಸುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕಡಲ ಬದಿಗೆ ನಿಂತಾಗ ಹೇಳಿದೆ. ಹೇಳದೆ ಬೇರೆ ದಾರಿ ಇರಲಿಲ್ಲ. "ಆ ಸನ್‌ರೂಫಿನ ಕಾರ್ ತಕಂಬ್ದ್ ಬ್ಯಾಡ ಭಟ್ರೆ."

"ಸೇಲ್ಸಿನವ್ರ್ ಹೀಂಗ್ ಹೇಳೂಕಾತ್ತಾ?"

"ಹೇಳ್ದೆ. ಕೈ ತಾಗ್ಸೂಕೆ ಆಗದ್ದ್ ಕಾರ್. ನಿಮ್ ಮುಖ ಸಮಾ ಕಾಣದೇ ಇಪ್ಪ ಮಾವ. ಎಂತ ಸುಖ ಇತ್ತ್ ಅದ್ರಗೆ?"

"ಮತ್ತೆ?"

"ಮತ್ತೆ ಎಂತ ಮತ್ತೆ?"

ಅವರು ನನ್ನ ಕಡೆ ತಿರುಗಿದರು. ನೆಲ ನೋಡಲಿಲ್ಲ. ಮೊದಲ ಸಲ ನೇರ ನನ್ನ ಕಣ್ಣಿಗೆ ನೋಡಿದರು, ತುಟಿ ಅಲುಗಿತು.

"ನಂಗೂ ನಿಮ್ಗ್ ಒಂದ್ ಮಾತ್ ಹೇಳ್ಕಿತ್ತ್" ಎಂದರು. "ಆದ್ರೆ ಈಗ ಆತಿಲ್ಲೆ."

"ಎಂತಕೆ?"

"ರಾಹುಕಾಲ. ಶುಭದ ಮಾತ್ ಈಗ ಆಡೂಕಾಗ."

ನಾನು ಬಾಗಿಲು ತೆಗೆದು ಇಳಿದೆ. ಹಾಕಿದ ರಭಸಕ್ಕೆ ಡ್ಯಾಶ್‌ಬೋರ್ಡಿನ ಮೇಲಿನ ಬ್ರೋಷರ್ ಕೆಳಗೆ ಬಿತ್ತು. ಹನ್ನೊಂದು ಗಂಟೆ. ಇನ್ನೂ ಒಂದು ಗಂಟೆ. ಶುಭದ ಮಾತು ಇದೆ ಎಂದು ಹೇಳಿ, ಅದನ್ನು ಹೇಳದೆ, ಒಂದು ಗಂಟೆ ಕಾಯಿಸುವ ಮನುಷ್ಯನನ್ನು ಏನು ಮಾಡಬೇಕು? ಬಲೆ ಒಣಗಿಸುತ್ತಿದ್ದ ಹೆಂಗಸರು ನಾನು ಮರಳಿನಲ್ಲಿ ಧಡಧಡ ನಡೆಯುವುದನ್ನು ಕಂಡು ಮುಸಿಮುಸಿ ನಕ್ಕರು.

ಅವರು ಎರಡು ಎಳನೀರಿನ ಬೊಂಡ ಕೆತ್ತಿಸಿಕೊಂಡು ಬಂದು ಒಂದನ್ನು ನನಗೆ ಕೊಟ್ಟರು. ಕುಡಿದೆವು. ನಾನು ಅವರ ಗಡಿಯಾರ ನೋಡಿದೆ, ಹನ್ನೊಂದು ಇಪ್ಪತ್ತು. ಬೊಂಡ ಒಡೆಸಿ ಒಳಗಿನ ಎಳೆಯ ಗಂಜಿ ಕೆರೆದು ತಿಂದೆವು. ಹನ್ನೊಂದು ಮೂವತ್ತೈದು. ಅವರು ಹವಾಮಾನದ ಬಗ್ಗೆ ಮಾತಾಡಿದರು. ನಾನು ಕಾಲಿನಿಂದ ಮರಳಿನಲ್ಲಿ ಗೀರು ಎಳೆದೆ. ಹನ್ನೊಂದು ಐವತ್ತು. ಕಾರಿಗೆ ಬಂದು ಕೂತೆವು. ಅವರು ಸುಮ್ಮನೆ ಸ್ಟೀರಿಂಗ್ ಸವರುತ್ತಿದ್ದರು, ಸವರುತ್ತಿದ್ದ ಕೈ ನಿಂತಿತು.

"ಸಿಂಚನಾ" ಎಂದರು.

ಮೇಡಂ ಇಲ್ಲ. ನಾನು ಗಡಿಯಾರ ನೋಡಿದೆ. ಹನ್ನೊಂದು ಐವತ್ತೆರಡು.

"ಇನ್ನೂ ಎಂಟ್ ನಿಮಿಷ ಇತ್ತ್" ಎಂದೆ.

"ಇರ್ಲಿ. ನನ್ನತ್ರ ಆತಿಲ್ಲೆ." ಅವರ ಧ್ವನಿ ಪೂಜೆಯ ಧ್ವನಿಯಾಗಿರಲಿಲ್ಲ. "ನೀವ್ ಬಂದ ಮೊದ್ಲ್ ತಿಂಗ್ಳೇ ಪ್ಯಾಂಟ್ರಿಯಗೆ ಹೇಳಿದ್ರಿ, ಭಟ್ರನ್ನ ಮಾತ್ರ ಮದಿ ಆತಿಲ್ಲೆ ಅಂದೇಳಿ. ನಾನ್ ಹೊರ್ಗೆ ಕೈ ತೊಳೀತಿದ್ದೆ. ಅದಕ್ಕೇ ಬಾಯಿ ಬಿಡ್ಲಿಲ್ಲೆ. ಬರೀ ಕಾಯಿ ಇಟ್ ಹೋತಿದ್ದೆ. ಆ ವರ್ಷದ ಆಯುಧಪೂಜೆಗೆ ನಿಮ್ ಹೆಸ್ರ್, ಗೋತ್ರ, ನಕ್ಷತ್ರ ಬರ್ದ್ ಕೊಟ್ಟಿದ್ರಿ. ಆ ಚೀಟಿ ಇನ್ನೂ ನನ್ ಪಂಚಾಂಗದಗೆ ಇತ್ತ್. ನನ್ ಜಾತ್ಕದ ಒಟ್ಟಿಗೆ ಕೂಡಿ ಕಂಡಿದೆ. ಚಂದ ಕೂಡತ್ತ್. ಹತ್ತೊಂಬತ್ ಕಡೆ ಬ್ಯಾಡ ಅಂದ್ರೂ ನಂಗ್ ಅಷ್ಟ್ ಬೇಜಾರ್ ಆಗ್ಲಿಲ್ಲೆ. ನಂಗ್ ನೀವೇ ಬೇಕಿದ್ದದ್. ಈಗ್ಳೂ ನೀವೇ ಬೇಕ್. ಒಪ್ಪಿಗೆಯಾ? ನಿಮ್ಗ್ ಅಕ್ಕಾ?"

ನನ್ನ ಕಣ್ಣು ತುಂಬಿತ್ತು, ಸಿಟ್ಟೂ ತುಂಬಿತ್ತು. ಎರಡು ವರ್ಷ ನನ್ನ ನಕ್ಷತ್ರವನ್ನು ಪಂಚಾಂಗದಲ್ಲಿ ಇಟ್ಟುಕೊಂಡು ತಿರುಗಿದ್ದಾರೆ, ಒಂದು ಮಾತು ಇಲ್ಲ. ಉತ್ತರ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ನನಗೆ ಇನ್ನೊಂದು ಹೊಳೆಯಿತು.

"ನೀವ್ ಎಂತ ಭಟ್ರೆ, ರಾಹುಕಾಲದಗೆ ಹೇಳಿಬಿಟ್ರಿ? ನಾಳೆ ಎಂತಾರೂ ಆದ್ರೆ?"

ಅವರು ಕಕ್ಕಾಬಿಕ್ಕಿಯಾದರು. "ನಿಮ್ಗ್ ಅದ್ರಗೆಲ್ಲ ನಂಬ್ಕೆ ಇಲ್ಲೆ ಅಲ್ದಾ?"

"ಅದ್ ಕಾರಿನ ವಿಷ್ಯ. ಇದ್ ನನ್ ವಿಷ್ಯ. ಹನ್ನೆರಡ್ ಆದ್ಮೇಲೆ ಇನ್ನೊಂದ್ ಸರ್ತಿ ಹೇಳಿ."

"ಎಲ್ಲಾ?"

"ಎಲ್ಲಾ. ಸುರುವಿಂದ."

ಅವರು ನಕ್ಕರು. ನನ್ನನ್ನೇ ನೋಡಿ ನಕ್ಕರು. ಇಷ್ಟು ದಿನ ಆ ನಗು ನೆಲದ ಪಾಲಾಗಿತ್ತಲ್ಲ ಎಂದು ಹೊಟ್ಟೆ ಉರಿಯಿತು. ಮತ್ತೆ ಗಂಭೀರವಾಗಿ ಮೊಬೈಲ್ ತೆಗೆದರು. "ಅಷ್ಟೊತ್ತಿಗೆ ಬೈಂದೂರಿಗೆ ಫೋನ್ ಮಾಡ್ತೆ. ಆ ಹುಡ್ಗಿನ ಕಾಯ್ಸೂಕಾಗ. ಬ್ಯಾಡ ಅಂಬುಕೆ ರಾಹುಕಾಲ ಅಡ್ಡಿಲ್ಲೆ."

ತನ್ನದೇ ತಪ್ಪು, ಮನಸ್ಸು ಬೇರೆ ಕಡೆ ಇಟ್ಟುಕೊಂಡು ಬರಬಾರದಿತ್ತು ಎಂದು ಅವರು ಅಡಿಗರ ಹತ್ತಿರ ನೇರ ಹೇಳಿದರು, ಎರಡು ಸಲ ಕ್ಷಮೆ ಕೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಗದರಿಕೆ ಕೇಳಿಸಿತು. ಹಿಂದಿನಿಂದ ತನ್ವಿಯ ಸ್ವರ, "ಅಪ್ಪಯ್ಯ, ನಾನ್ ಅವತ್ತೇ ಹೇಳಿದಿದೆ ಅಲ್ದಾ" ಎಂದದ್ದೂ ಕೇಳಿಸಿತು. ಕೊನೆಗೆ ಅಡಿಗರು ಗಂಟಲು ಸರಿಮಾಡಿಕೊಂಡು ಕೇಳಿದರು.

"ಹಾಂಗಾರೆ ಆ ಸನ್‌ರೂಫಿನ ಗಾಡಿ ಖಾಲಿ ಇತ್ತಾ? ಇದ್ರೆ ನಂಗ್ ಇರ್ಲಿ. ಆ ಶೋರೂಮಿನ ಹುಡ್ಗಿಗೆ ಹೇಳಿ."

ಭಟ್ರು ಫೋನ್ ಕೆಳಗಿಟ್ಟು, "ನಿಮ್ಗ್ ಟಾರ್ಗೆಟ್ ಆಯ್ತ್" ಎಂದರು. "ನಂಗ್ ಇದೇ ಕಾರ್ ಸಾಕ್. ಬೂದ್ ಬಣ್ಣ ಸಿಕ್ತಾ ಕಾಣಿ."

ನಾನು ಅವರ ಕೈಯನ್ನು ನನ್ನ ಕಡೆ ಎಳೆದುಕೊಂಡು ಗಡಿಯಾರದ ಮೇಲೆ ಕಣ್ಣಿಟ್ಟೆ. ಐವತ್ತೆಂಟು. ಐವತ್ತೊಂಬತ್ತು. ಕೈ ಬಿಸಿಯಾಗಿತ್ತು, ಅವರು ಅದನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಹನ್ನೆರಡು. ಸುರಕ್ಷಿತವಾಗಿರಲಿ ಎಂದು ಇನ್ನೊಂದು ನಿಮಿಷ ಬಿಟ್ಟೆ.

"ಈಗ ಹೇಳಿ" ಎಂದೆ.

ಅವರು ಪ್ಯಾಂಟ್ರಿಯಿಂದ ಶುರು ಮಾಡಿ, ಕಾಯಿ, ಚೀಟಿ, ನಕ್ಷತ್ರ, ಒಂದನ್ನೂ ಬಿಡದೆ ಪೂರ್ತಿ ಹೇಳಿದರು. ಕೊನೆಯಲ್ಲಿ ಮತ್ತೆ, "ನಿಮ್ಗ್ ಅಕ್ಕಾ?" ಎಂದು ಕೇಳಿದರು.

"ಅಕ್ಕ್" ಎಂದೆ. ಅಲ್ಲಿಯವರೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ರಾಹುಕಾಲ ಇತ್ತಲ್ಲ.